ಕಲ್ಲು ನೋಡುವ ಪಾಲಯ್ಯನ ಬಾಟಲಿ

ನಾನು ಒಂದು ಬಾಟಲಿ. ಕಂದು ಗಾಜಿನದು, ಮುಷ್ಟಿಯೊಳಗೆ ಅಡಗಿಹೋಗುವಷ್ಟು ಪುಟ್ಟದು. ತಲೆಯ ಮೇಲೆ ರಬ್ಬರಿನ ಟೊಪ್ಪಿ, ಅದರ ಕೆಳಗೆ ತೆಳ್ಳನೆಯ ಗಾಜಿನ ನಳಿಗೆ. ಟೊಪ್ಪಿ ಒತ್ತಿ ಬಿಟ್ಟರೆ ಹೊಟ್ಟೆಯಲ್ಲಿರುವುದು ನಳಿಗೆಗೆ ಏರುತ್ತದೆ. ಮತ್ತೆ ಒತ್ತಿದರೆ ಹನಿಹನಿಯಾಗಿ ಬೀಳುತ್ತದೆ. ಕಣ್ಣಿಗೆ, ಕಿವಿಗೆ ಔಷಧಿ ಬಿಡುವ ಬಾಟಲಿಗಳೆಲ್ಲ ನನ್ನ ದಾಯಾದಿಗಳೇ. ಆದರೆ ನನ್ನ ಹೊಟ್ಟೆಯಲ್ಲಿದ್ದದ್ದು ಔಷಧಿಯಲ್ಲ, ಆಸಿಡ್.

ನಾನು ಹುಟ್ಟಿದ್ದು ಉತ್ತರದ ಕಡೆಯ ಒಂದು ಕಾರ್ಖಾನೆಯ ಕುಲುಮೆಯಲ್ಲಿ. ಮರಳನ್ನೂ ಸೋಡಾವನ್ನೂ ಒಂದಿಷ್ಟು ಸುಣ್ಣಕಲ್ಲಿನ ಪುಡಿಯನ್ನೂ ಕರಗಿಸಿ ಅಚ್ಚಿಗೆ ಹೊಯ್ದರು. ತಣ್ಣಗಾಗಿ ಕಣ್ಣು ಬಿಟ್ಟಾಗ ನನ್ನಂಥವು ಸಾವಿರಾರು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು, ಲಾರಿ ಎಲ್ಲ ಕಂಡು ಕೊನೆಗೆ ಬಂದು ಸೇರಿದ್ದು ಚಿತ್ರದುರ್ಗದ ಒಂದು ಕಾಲೇಜಿನ ಭೂಗರ್ಭಶಾಸ್ತ್ರ ವಿಭಾಗಕ್ಕೆ. ಪೆಟ್ಟಿಗೆ ಬಿಚ್ಚಿ ನನ್ನನ್ನು ಮೊದಲು ಕೈಗೆತ್ತಿಕೊಂಡವನು ಅಟೆಂಡರ್ ಪಾಲಯ್ಯ.

ಆಗ ಅವನಿಗೆ ಮೂವತ್ತು ದಾಟಿರಲಿಲ್ಲ. ಬೆರಳುಗಳು ದಪ್ಪ, ಉಗುರಿನ ಸಂದಿಯಲ್ಲಿ ಸದಾ ಕಲ್ಲಿನ ಪುಡಿ. ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಒಂದು ಪಾಲು ಆಸಿಡ್ಡನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ ನನ್ನೊಳಗೆ ತುಂಬಿ, ಚೀಟಿ ಬರೆದು ಅಂಟಿಸಿದ. ಆ ಚೀಟಿ ಮುಂದೆ ಎಷ್ಟೋ ಸಲ ಸುಟ್ಟುಹೋಯಿತು. ಪ್ರತಿ ಸಲವೂ ಅವನೇ ಬರೆದ.

ಲೆಕ್ಕಕ್ಕೆ ನಾನು ಪ್ರೊಫೆಸರ್ ನಾಡಿಗರ ಬಾಟಲಿ. ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟಗುಡ್ಡ ಹತ್ತುವಾಗ ನಾನು ಅವರ ಚೀಲದಲ್ಲಿರುತ್ತಿದ್ದೆ. ಆದರೆ ಚೀಲ ಪಾಲಯ್ಯನ ಹೆಗಲ ಮೇಲಿರುತ್ತಿತ್ತು. ಕಲ್ಲು ಒಡೆದು ಹೊಸ ಮುಖ ತೆಗೆಯುವವನೂ ಅವನೇ, ನನ್ನಿಂದ ಹನಿ ಬಿಡುವವನೂ ಅವನೇ. ನನಗೆ ಬರುವುದು ಒಂದೇ ಕೆಲಸ. ಕಲ್ಲಿನಲ್ಲಿ ಸುಣ್ಣವಿದ್ದರೆ ನನ್ನ ಹನಿ ಬಿದ್ದ ಜಾಗ ಸುಂಯ್ ಎಂದು ಉಕ್ಕಿ ನೊರೆ ಏಳುತ್ತದೆ. ಇಲ್ಲದಿದ್ದರೆ ನೀರಿನಂತೆ ಸುಮ್ಮನೆ ಹರಿದುಹೋಗುತ್ತದೆ. ಅದರಾಚೆಗೆ ನನಗೇನೂ ತಿಳಿಯದು. ಕಬ್ಬಿಣವೋ, ತಾಮ್ರವೋ, ಮತ್ತೊಂದೋ, ಅದನ್ನೆಲ್ಲ ನೋಡಿ ಹೇಳುತ್ತಿದ್ದದ್ದು ಪಾಲಯ್ಯನ ಕಣ್ಣು.

ಅವನು ಓದಿದ್ದು ಏಳನೇ ಇಯತ್ತೆ. ಆದರೆ ದೂರದಿಂದ ನೋಡಿಯೇ ಕಲ್ಲಿನ ಕುಲಗೋತ್ರ ಹೇಳಿಬಿಡುತ್ತಿದ್ದ. ಒಂದು ವರ್ಷ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ದೊಡ್ಡ ವಿದ್ವಾಂಸರೊಬ್ಬರು ಮೇಜಿನ ಮೇಲಿದ್ದ ಕಲ್ಲಿಗೆ ತಪ್ಪು ಹೆಸರು ಹೇಳಿದರು. ಪಾಲಯ್ಯ ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದ. ಅವರು ಹೋದ ಮೇಲೆ ನಾಡಿಗರು ಕೇಳಿದರು, "ನಿನಗೆ ಗೊತ್ತಿತ್ತಲ್ಲ, ಯಾಕೆ ಸುಮ್ನಿದ್ದೆ?" ಪಾಲಯ್ಯ ನನ್ನ ಮೈ ಒರೆಸುತ್ತಾ, "ನಾನು ಹೇಳಿದ್ರೆ ಕಲ್ಲಿನ ಹೆಸ್ರು ಬದಲಾಗ್ತದೆ ಸಾರ್, ನನ್ನ ಹೆಸ್ರು ಅಟೆಂಡರ್ರೇ ಇರ್ತದೆ" ಎಂದ. ನಾಡಿಗರು ನಗಲಿಲ್ಲ. ಅಂದಿನಿಂದ ವಿದ್ಯಾರ್ಥಿ ಯಾರೇ ಕಲ್ಲು ತಂದರೂ "ಮೊದಲು ಪಾಲಯ್ಯನಿಗೆ ತೋರಿಸು" ಎನ್ನುತ್ತಿದ್ದರು.

ನಾಡಿಗರು ನಿವೃತ್ತರಾಗಿ ಮೈಸೂರಿಗೆ ಹೋದರು. ವರ್ಷದಿಂದ ವರ್ಷಕ್ಕೆ ಕಲ್ಲು ಓದುವವರು ಕಡಿಮೆಯಾದರು. ಒಂದು ಜೂನ್‌ನಲ್ಲಿ ಯಾರೂ ಬರಲೇ ಇಲ್ಲ. ವಿಭಾಗ ಮುಚ್ಚಿತು. ಮೂವತ್ತು ವರ್ಷ ಪಾಲಯ್ಯ ಧೂಳು ಹೊಡೆದು, ನಂಬರು ಬರೆದು, ಹತ್ತಿಯ ಮೇಲೆ ಮಲಗಿಸಿಟ್ಟಿದ್ದ ಕಲ್ಲುಗಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊಸ ಕಟ್ಟಡದ ಪಾಯಕ್ಕೆ ಸುರಿದರು. ಅವನು ಪಾಯದ ಅಂಚಿನಲ್ಲಿ ನಿಂತು ಕೊನೆಯ ಬುಟ್ಟಿಯವರೆಗೂ ನೋಡಿದ. ಆಮೇಲೆ ಪ್ರಿನ್ಸಿಪಾಲರ ಬಳಿ ಹೋಗಿ, ಒಂದು ಬಾಟಲಿ ತೆಗೆದುಕೊಳ್ಳಲೇ ಎಂದು ಕೇಳಿದ. ಅವರು ತಲೆಯೆತ್ತದೆ ಹೂಂ ಅಂದರು. ಹೀಗೆ ನಾನು ಅವನ ಅಂಗಿಯ ಎದೆಜೇಬಿನಲ್ಲಿ ಕೂತು ಕೋಟೆಯ ಕೆಳಗಿನ ಅವನ ಮನೆಗೆ ಬಂದೆ.

ಮನೆಯಲ್ಲಿ ಇದ್ದವರು ಇಬ್ಬರೇ, ಪಾಲಯ್ಯ ಮತ್ತು ಅವನ ಹೆಂಡತಿ ದುರುಗಮ್ಮ. ಮಕ್ಕಳಾಗಿರಲಿಲ್ಲ. ದುರುಗಮ್ಮ ನನ್ನನ್ನು ನೋಡಿ, ಇದನ್ನು ಅಡುಗೆಮನೆಗೆ ತಂದರೆ ನೋಡು ಎಂದು ಗದರಿ, ಪಡಸಾಲೆಯ ಗೋಡೆಯ ಗೂಡಿನಲ್ಲಿ ಜಾಗ ಮಾಡಿಕೊಟ್ಟಳು. ಅಲ್ಲಿ ಎರಡು ವರ್ಷ ಸುಮ್ಮನೆ ಕೂತೆ. ಪಾಲಯ್ಯನೂ ಸುಮ್ಮನೆ ಕೂತಿದ್ದ. ಬೆಳಿಗ್ಗೆ ಎದ್ದು ಅಂಗಿ ತೊಟ್ಟು, ಹೋಗಲು ಜಾಗವಿಲ್ಲದೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಇವನನ್ನು ಹೀಗೆ ನೋಡಲಾರೆ ಎಂದು ದುರುಗಮ್ಮ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡದ್ದು ನನಗೆ ಕೇಳಿಸಿತ್ತು.

ಅಂಥ ದಿನಗಳಲ್ಲೇ ನಸೀಮಾ ಬಂದಳು.

ಆಕೆ ಹಿಂದಿನ ಬೀದಿಯವಳು. ಗಂಡ ಖಾದರ್ ಮಿಕ್ಸಿ, ಪಂಪ್‌ಸೆಟ್ಟು ರಿಪೇರಿ ಮಾಡುವವನು. ಯಾರೋ ಊರು ಬಿಡುವಾಗ ಕೊಟ್ಟುಹೋದ ಒಂದು ಅಕ್ವೇರಿಯಂನಿಂದ ಶುರುವಾಗಿ, ನಸೀಮಾ ತಾರಸಿಯ ಮೇಲೆ ತಗಡಿನ ಚಪ್ಪರದ ಕೆಳಗೆ ಏಂಜೆಲ್ ಮೀನು ಸಾಕುತ್ತಿದ್ದಳು. ತಟ್ಟೆಯಂತೆ ಚಪ್ಪಟೆ, ಮೇಲೂ ಕೆಳಗೂ ಉದ್ದನೆಯ ರೆಕ್ಕೆ, ನಿಂತಲ್ಲೇ ತೇಲುವ ಮೀನು. ಅದು ಮೊಟ್ಟೆಯಿಡುವುದು ನಿಲ್ಲಿಸಿಟ್ಟ ಕಲ್ಲಿನ ಮೇಲೆ. ಮೊಟ್ಟೆಗಳು ಸತತ ಮೂರು ಸಲ ಬೆಳ್ಳಗೆ ಬೂಷ್ಟು ಹಿಡಿದು ಕೆಟ್ಟಿದ್ದವು. ಯಾರೋ ಅವಳಿಗೆ ಪಾಲಯ್ಯನ ಹೆಸರು ಹೇಳಿದ್ದರು. ಬಕೆಟ್ಟಿನಲ್ಲಿ ಕಲ್ಲು ತುಂಬಿಕೊಂಡು ಬಂದು ಹೊಸಿಲಲ್ಲಿ ನಿಂತಳು.

ಬೆಳ್ಳನೆಯ, ನೋಡಲು ಚೆಂದದ ಹರಳುಕಲ್ಲುಗಳು. ಪಾಲಯ್ಯ ನನ್ನನ್ನು ಗೂಡಿನಿಂದ ತೆಗೆದ. ಎರಡು ವರ್ಷದ ಮೇಲೆ ನನ್ನ ಮೊದಲ ಹನಿ ಬಿತ್ತು. ಕಲ್ಲು ಹಾಲು ಉಕ್ಕಿದಂತೆ ಉಕ್ಕಿತು.

"ನೋಡಮ್ಮ, ಇದ್ರ ಹೊಟ್ಟೇಲಿ ಸುಣ್ಣ ಐತೆ. ನೀನು ಯಾವ ನೀರು ಹಾಕ್ತೀಯಾ?"

ಬೋರಿನ ನೀರು ಗಡಸು, ಈ ಮೀನಿಗೆ ಆಗುವುದಿಲ್ಲ, ಅದಕ್ಕೇ ಮಳೆನೀರು ಹಿಡಿದಿಟ್ಟು ಹಾಕುತ್ತೇನೆ ಎಂದಳು ಅವಳು. ಪಾಲಯ್ಯ ತಲೆದೂಗಿದ. "ಮಳೆನೀರಿಗೆ ಹಸಿವು ಜಾಸ್ತಿ ತಾಯಿ. ಕಲ್ಲಲ್ಲಿ ಏನೈತೋ ಅದನ್ನ ಮೆಲ್ಲಗೆ ತಿಂತದೆ. ನೀನು ಮೆದು ನೀರು ಹಾಕಿದ್ರೆ ಏನ್ ಬಂತು, ಈ ಕಲ್ಲು ಅದನ್ನ ಗಡಸು ಮಾಡ್ತಾನೇ ಇರ್ತದೆ."

ಮರುದಿನವೇ ಅವನು ಬೆಟ್ಟದ ಕಡೆ ಹೋಗಿ ಕಪ್ಪು ಪದರಗಲ್ಲು ತಂದ, ಮಕ್ಕಳು ಬರೆಯುತ್ತಿದ್ದ ಸ್ಲೇಟಿನಂಥದ್ದು. ಕಣ್ಣಿಗೆ ಹತ್ತಿರ ಹಿಡಿದು ಎರಡೂ ಮಗ್ಗುಲು ನೋಡಿದ. ತುಕ್ಕಿನ ಗೆರೆ, ಲೋಹದ ಹೊಳಪು ಇದ್ದವನ್ನು ಬದಿಗೆಸೆದ. ಉಳಿದವುಗಳ ಮೇಲೆ ನನ್ನ ಹನಿ ಬಿಟ್ಟ. ನಾನು ಸುಮ್ಮನೆ ಹರಿದೆ. ಆಮೇಲೆ ತೊಳೆದು, ತೆಂಗಿನ ನಾರಿನಿಂದ ತಿಕ್ಕಿ, ಒಂದು ವಾರ ನೀರಲ್ಲಿ ನೆನೆಹಾಕಿದ. ಕುದಿಸಿದರೆ ಬೇಗ ಆಗುವುದಲ್ಲವೇ ಎಂದು ನಸೀಮಾ ಕೇಳಿದ್ದಕ್ಕೆ, ಒಳಗೆ ನೀರು ಸಿಕ್ಕಿಕೊಂಡಿದ್ದರೆ ಕಲ್ಲು ಪಟಾಕಿಯಂತೆ ಸಿಡಿದು ಮುಖಕ್ಕೆ ಹಾರುತ್ತದೆ ಎಂದು ಹೆದರಿಸಿದ. ಆ ಕಲ್ಲಿನ ಮೇಲೆ ಇಟ್ಟ ಮೊಟ್ಟೆಗಳು ಮರಿಯಾದವು. ನಸೀಮಾ ಒಂದು ಗಾಜಿನ ಲೋಟದಲ್ಲಿ ಮರಿಗಳನ್ನು ತಂದು ದುರುಗಮ್ಮನಿಗೆ ತೋರಿಸಿದಳು. ಸಾಸಿವೆಗೆ ಜೀವ ಬಂದಂತೆ ಇದ್ದವು. ಪಾಲಯ್ಯ ಆ ದಿನ ಎರಡು ಸಲ ಊಟ ಬಡಿಸಿಕೊಂಡ.

ಆಮೇಲಿನ ಐದಾರು ವರ್ಷ ನನ್ನ ಬಾಳಿನ ಒಳ್ಳೆಯ ದಿನಗಳು. ಊರಲ್ಲಿ ಯಾರ ಮನೆಗೆ ಅಕ್ವೇರಿಯಂ ಬಂದರೂ ಅದರೊಳಗಿನ ಕಲ್ಲು ಮೊದಲು ನಮ್ಮ ಪಡಸಾಲೆಗೆ ಬರುತ್ತಿತ್ತು. ಹೊಳೆಯಿಂದ ಆರಿಸಿದ್ದು, ಪ್ರವಾಸದಲ್ಲಿ ಹೆಕ್ಕಿದ್ದು, ಮನೆ ಕಟ್ಟಿ ಮಿಕ್ಕಿದ್ದು, ಎಲ್ಲ. ನಾನು ಬರಿದಾದಾಗಲೆಲ್ಲ ಪಾಲಯ್ಯ ಆಸಿಡ್ ತರಿಸಿ ಬೆರೆಸಿ ತುಂಬುತ್ತಿದ್ದ. ನಸೀಮಾಳ ಒಂದು ತೊಟ್ಟಿ ಎಂಟಾಯಿತು. ಖಾದರ್ ಎಂಟಕ್ಕೂ ಒಂದೇ ಪೈಪು ಎಳೆದು, ಒಂದೇ ಫಿಲ್ಟರಿನಲ್ಲಿ ನೀರು ಸುತ್ತುವ ಹಾಗೆ ಮಾಡಿದ್ದ. ಅವಳು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಒಂದು ತಳಿ ಬೆಳೆಸುತ್ತಿದ್ದಳು. ಕಾಡಿಗೆಯಷ್ಟು ಕಪ್ಪು, ರೆಕ್ಕೆ ಮುಸುಕಿನಂತೆ ಉದ್ದ. ಅಂಥದ್ದು ದಾವಣಗೆರೆ ಅಂಗಡಿಯವರ ಹತ್ತಿರವೂ ಇಲ್ಲವಂತೆ. ಅದನ್ನು ಹೇಳುವಾಗ ಅವಳ ದನಿ ತಗ್ಗುತ್ತಿತ್ತು, ದೃಷ್ಟಿಯಾದೀತೆಂದು.

ಪಾಲಯ್ಯನ ಕಣ್ಣಿಗೆ ಏನೋ ಆಗುತ್ತಿದೆ ಎಂದು ಮೊದಲು ತಿಳಿದದ್ದು ನನಗೆ. ಹನಿ ಕಲ್ಲಿನ ಆಚೆ ಬೀಳತೊಡಗಿತು. ನೊರೆ ಬಂದದ್ದು ಕಾಣದೆ ಮತ್ತೊಂದು ಹನಿ ಬಿಡುತ್ತಿದ್ದ. ಎರಡನೆಯದಾಗಿ ತಿಳಿದದ್ದು ದುರುಗಮ್ಮನಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರಂತೆ. ಒಂದು ಸಣ್ಣ ಹನಿ ಬಾಟಲಿ ಕೊಟ್ಟರು. ಅದು ಬಂದು ನನ್ನ ಗೂಡಿನಲ್ಲೇ ಕೂತಿತು. ಗಾಬರಿಯಾದ ದುರುಗಮ್ಮ ನನ್ನನ್ನು ಎದುರು ಗೋಡೆಯ ಗೂಡಿಗೆ ಸಾಗಿಸಿ, ಸಾಲದೆಂದು ಕತ್ತಿಗೆ ಒರಟು ದಾರ ಸುತ್ತಿ ಗಂಟು ಹಾಕಿದಳು. "ಕೈಗೆ ದಾರ ಸಿಕ್ರೆ ಇದು ಕಲ್ಲಿಂದು. ದಾರ ಇಲ್ದೇ ಹೋದ್ರೆ ಕಣ್ಣಿಂದು. ತಿಳೀತಾ?" ಎಂದು ಎರಡು ಸಲ ಹೇಳಿಸಿದಳು.

ಹೊರಗಿನವರಿಗೆ ಇಬ್ಬರೂ ಹೇಳಲಿಲ್ಲ. ಹೇಳಬೇಡವೆಂದು ಪಾಲಯ್ಯ ಕೇಳಿಕೊಂಡಿದ್ದ. ಅವನು ಹನಿ ಬಿಟ್ಟು ಕಲ್ಲನ್ನು ಕಿವಿಯ ಹತ್ತಿರ ಹಿಡಿಯಲು ಕಲಿತ. ಸುಣ್ಣವಿದ್ದರೆ ಸುಂಯ್ ಎನ್ನುವುದು ಕೇಳುತ್ತಿತ್ತು. ಬಂದವರು, ಅಜ್ಜ ಕಲ್ಲಿನ ಮಾತು ಕೇಳುತ್ತಾನೆ ಎಂದು ಬೆರಗಾಗುತ್ತಿದ್ದರು. ಬಣ್ಣ ನೋಡುವ ಕೆಲಸ ದುರುಗಮ್ಮನದಾಯಿತು. ಅವಳು ಪಕ್ಕದಲ್ಲಿ ಸೊಪ್ಪು ಸೋಸುತ್ತಾ ಕೂತಿರುತ್ತಿದ್ದಳು. ಕಲ್ಲಿನಲ್ಲಿ ಕೆಂಪು ಗೆರೆಯಿದ್ದರೆ ಒಮ್ಮೆ ಕೆಮ್ಮುವಳು. ಹೊಳಪಿದ್ದರೆ ಎರಡು ಸಲ. ಆ ಮೇಲೆ ಪಾಲಯ್ಯ ಗಂಭೀರವಾಗಿ, ಇದು ಬೇಡ ಎನ್ನುವನು. ಬಂದವರು ಹೋದ ಮೇಲೆ ಮುದುಕರಿಬ್ಬರೂ ನಗುತ್ತಿದ್ದರು. ನನಗೂ ಅದು ಆಟದಂತೆ ಕಾಣುತ್ತಿತ್ತು.

ಒಂದು ಮಾಘದಲ್ಲಿ ದುರುಗಮ್ಮನಿಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು. ಮನೆಯ ತುಂಬ ಜನ ಬಂದರು, ಹೋದರು. ನಸೀಮಾ ಹದಿನೈದು ದಿನ ಅನ್ನ ಸಾರು ತಂದು ಇಟ್ಟಳು. ಅವಳೂ ಅವನಿಗೆ ಕಣ್ಣು ಮಬ್ಬಾಗಿದೆ ಎಂದಷ್ಟೇ ತಿಳಿದಿದ್ದಳು, ವಯಸ್ಸಾದವರಿಗೆಲ್ಲ ಆಗುವ ಹಾಗೆ. ಪಾಲಯ್ಯ ಮನೆಯೊಳಗೆ ಗೋಡೆ ಹಿಡಿಯದೆ ಓಡಾಡುತ್ತಿದ್ದ. ನಲವತ್ತು ವರ್ಷ ನಡೆದ ನೆಲ ಅದು, ಕಾಲಿಗೆ ಬಾಯಿಪಾಠವಾಗಿತ್ತು.

ಆಗ ಅವನು ನನ್ನನ್ನು ಎತ್ತಿಟ್ಟುಬಿಡಬೇಕಿತ್ತು. ಎತ್ತಿಡಲಿಲ್ಲ. ಅವನನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ದಿನವಿಡೀ ಬಾಗಿಲ ಕಡೆ ಕಿವಿಗೊಟ್ಟು ಕೂತಿರುತ್ತಿದ್ದ. ಬಕೆಟ್ಟಿನಲ್ಲಿ ಕಲ್ಲು ಗಡಗಡಿಸುವ ಸದ್ದು ಕೇಳಿದರೆ ಮುಖಕ್ಕೆ ರಕ್ತ ಬರುತ್ತಿತ್ತು. ಆ ಸದ್ದೂ ನಿಂತರೆ ಅವನ ಮನೆಗೆ ಯಾರು ಬರುತ್ತಿದ್ದರು?

ಮುಂದಿನ ಕಾರ್ತಿಕದಲ್ಲಿ ಖಾದರ್ ಒಂದು ಹಳ್ಳಿಗೆ ಪಂಪ್‌ಸೆಟ್ಟು ರಿಪೇರಿಗೆ ಹೊರಟಿದ್ದ. ಪಾಲಯ್ಯನೂ ಗಾಡಿ ಹತ್ತಿದ. ನಸೀಮಾಳ ಕಪ್ಪು ಜೋಡಿ ಮೊಟ್ಟೆಗೆ ಬಂದಿತ್ತು. ಹಳೆಯ ಕಲ್ಲು ಪದರ ಬಿಟ್ಟು ಮುರಿದಿತ್ತು. ಅದಕ್ಕೊಂದು ಒಳ್ಳೆಯ ಕಲ್ಲು ಬೇಕಿತ್ತು. ಖಾದರ್ ಬಾವಿಯ ಹತ್ತಿರ ಕೆಲಸ ಮಾಡುತ್ತಿದ್ದಾಗ ಪಾಲಯ್ಯ ಹೊಲದ ಅಂಚಿನ ಗುಡ್ಡೆಯ ಮೇಲೆ ಕೂತು ಕೈಯಾಡಿಸಿದ. ಹಿಂದೆ ಯಾವ ಕಾಲದಲ್ಲೋ ಅದಿರು ಸಿಕ್ಕೀತೆಂದು ಯಾರೋ ಅಗೆದು, ಸಿಗದೆ ಬಿಟ್ಟುಹೋದ ಗುಂಡಿಯ ಮಣ್ಣು ಅದು. ಅವನಿಗೆ ಅದು ಕಾಣಲಿಲ್ಲ. ಬಿಸಿಲಿಗೆ ಕಾದಿದ್ದ ಒಂದು ಕಲ್ಲು ಕೈಗೆ ಸಿಕ್ಕಿತು. ಬಾಳೆಯ ಕುಡಿ ಎಲೆಯಷ್ಟು ಅಗಲ, ಹಲಗೆಯಷ್ಟು ನುಣುಪು. ಇಷ್ಟು ವರ್ಷದಲ್ಲಿ ಇಂಥ ಕಲ್ಲು ಮುಟ್ಟಿರಲಿಲ್ಲ ಎಂದು ಗಾಡಿಯಲ್ಲಿ ಖಾದರನಿಗೆ ಹೇಳಿದ.

ತಾರಸಿಯ ಮೇಲೆ, ನಸೀಮಾಳ ಎದುರಿಗೇ ನನ್ನನ್ನು ಜೇಬಿನಿಂದ ತೆಗೆದ. ನುಣುಪು ಮುಖದ ಮೇಲೆ ಮೂರು ಹನಿ ಬಿಟ್ಟು ಕಿವಿಗೆ ಹಿಡಿದ. ನಾನು ಸುಮ್ಮನೆ ಹರಿದುಹೋದೆ. ಆ ಮುಖದಲ್ಲಿ ಸುಣ್ಣವಿರಲಿಲ್ಲ. ನಾನು ಸುಳ್ಳಾಡಲಿಲ್ಲ.

ನಸೀಮಾ ಕಲ್ಲನ್ನು ಮಗುಚಿ ನೋಡಿದಳು. "ಅಜ್ಜ, ಹಿಂದುಗಡೆ ಹಸ್ರುಗೆ ಏನೋ ಐತಲ್ಲ."

ನಾನು ಆಗಲೇ ಜೇಬಿಗೆ ಮರಳಿದ್ದೆ. ಅವನ ಎದೆ ಒಮ್ಮೆ ನಿಂತು ಜೋರಾಗಿ ಬಡಿದುಕೊಂಡಿತು. ಎಂಥ ಹಸಿರು, ಹುಲ್ಲಿನಂತೆಯೋ ಗಿಳಿಯಂತೆಯೋ ಎಂದು ಕೇಳಿದ್ದರೆ ಸಾಕಿತ್ತು. ಅವಳು ಹೇಳುತ್ತಿದ್ದಳು. ಆದರೆ ಕೇಳಿದರೆ ಕಾಣುವುದಿಲ್ಲವೆಂದು ತಿಳಿಯುತ್ತಿತ್ತು.

"ಪಾಚಿ ಕಣಮ್ಮ. ನಾರು ಹಾಕಿ ತಿಕ್ಕು, ಹೋಗ್ತದೆ."

"ಬಿಸ್ಲಲ್ಲಿ ಬಿದ್ದಿದ್ದ ಕಲ್ಲಿಗೂ ಪಾಚಿ ಹಿಡೀತದಾ?"

"ನಲ್ವತ್ತು ವರ್ಸದಿಂದ ಕಲ್ಲು ನೋಡೀನಿ ತಾಯಿ."

ಅವಳು ಕಲ್ಲನ್ನು ಬಕೆಟ್ಟಿಗೆ ಹಾಕಿದಳು. ವಾರವೆಲ್ಲ ನೀರು ಬದಲಿಸಿ ನೆನೆಹಾಕಿದಳು, ನಾರು ಹಾಕಿ ತಿಕ್ಕಿದಳಂತೆ. ಹಸಿರು ಪೂರ್ತಿ ಹೋಗಲಿಲ್ಲವಂತೆ. ಆದರೂ ತನ್ನ ಕಣ್ಣಿಗಿಂತ ಅವನ ಮಾತು ದೊಡ್ಡದೆಂದು ಕಲ್ಲನ್ನು ತೊಟ್ಟಿಯಲ್ಲಿ ನಿಲ್ಲಿಸಿದಳು. ಕಪ್ಪು ಜೋಡಿ ಮರುದಿನವೇ ಅದನ್ನು ಬಾಯಿಂದ ಉಜ್ಜಿ ಶುಚಿ ಮಾಡತೊಡಗಿತಂತೆ. ಅವಳು ಅದನ್ನು ಹೇಳಲು ಬಂದಾಗ ಪಾಲಯ್ಯ ಮಗಳು ಬಸುರಿಯೆಂದು ಕೇಳಿದವನಂತೆ ನಕ್ಕ.

ಮೂರನೆಯ ದಿನ ತೊಟ್ಟಿಯ ಗಾಜಿಗೆ ಅಂಟಿಕೊಂಡಿದ್ದ ಬಸವನಹುಳುಗಳು ಒಂದೊಂದಾಗಿ ಕಳಚಿ ತಳಕ್ಕೆ ಬಿದ್ದವು. ನಸೀಮಾ ಬಂದು ಇದೇನೆಂದು ಕೇಳಿದಳು. ನೀರು ಬದಲಿಸಿ ನೋಡು ಎಂದ ಪಾಲಯ್ಯ. ಅಷ್ಟು ಹೇಳಿ ಬಾಗಿಲಲ್ಲೇ ನಿಂತ, ಅವಳ ಹೆಜ್ಜೆ ಸದ್ದು ಪೂರ್ತಿ ಅಡಗುವವರೆಗೂ. ಹುಳು ಮೊದಲು ಸಾಯುವುದು ಯಾವುದಕ್ಕೆ ಎಂದು ಅವನಿಗೆ ಗೊತ್ತಿತ್ತೆಂದೇ ನನ್ನ ಅನಿಸಿಕೆ. ಆ ದಿನ ಅವನು ಊಟ ಮಾಡಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವಳೇ ಬಂದು, "ಅಜ್ಜ, ಬನ್ನಿ" ಎಂದಳು. ಪಾಲಯ್ಯ ನನ್ನನ್ನು ಜೇಬಿಗೆ ಹಾಕಿಕೊಂಡ.

ತಾರಸಿಯಲ್ಲಿ ಎಂಟು ತೊಟ್ಟಿಯ ನೀರೂ ಮೊದಲಿನಂತೆಯೇ ತಿಳಿಯಾಗಿತ್ತು. ಪೈಪಿನಲ್ಲಿ ನೀರು ಸುತ್ತುತ್ತಲೇ ಇತ್ತು. ಮರಿಗಳೆಲ್ಲ ತಳದಲ್ಲಿ ಬೂದಿಯಂತೆ ಕೂತಿದ್ದವು. ದೊಡ್ಡವು ಮಗ್ಗುಲಾಗಿ ತೇಲುತ್ತಿದ್ದವು. ಕಪ್ಪು ಜೋಡಿಯಲ್ಲಿ ಗಂಡು ಸತ್ತಿತ್ತು. ಹೆಣ್ಣು ಇನ್ನೂ ಆ ಕಲ್ಲಿನ ಹತ್ತಿರ, ಮೂರು ಸಾಲು ಮೊಟ್ಟೆಗಳ ಮುಂದೆ, ಓಲಾಡುತ್ತಾ ರೆಕ್ಕೆಯಿಂದ ಗಾಳಿ ಬೀಸುತ್ತಿತ್ತು. ನಸೀಮಾ ಅದನ್ನು ಹೇಳಿದಳು. ಹೇಳದಿದ್ದರೆ ಪಾಲಯ್ಯನಿಗೆ ತಿಳಿಯುತ್ತಿರಲಿಲ್ಲ.

ಅವನು ಕಲ್ಲು ತೆಗೆಸಿದ. ನೆಲದ ಮೇಲೆ ಕೂತು ಅದರ ಬೆನ್ನು ಸವರಿದ. ಉಗುರಿನಿಂದ ಕೆರೆದ. ಹಸಿರಿರುವ ಕಡೆ ತನ್ನ ಬೆರಳು ಇಡು ಎಂದ. ಅವಳು ಅವನ ಬೆರಳು ಹಿಡಿದು ಇಟ್ಟಳು. ಅಲ್ಲಿ ನನ್ನ ಹನಿ ಬಿಟ್ಟ. ಈ ಸಲ ನಾನು ಸುಂಯ್ ಎಂದೆ, ಮೆಲ್ಲಗೆ. ಆಮೇಲೆ ಅವನು ಒಂದು ಹೊಸ ಮೊಳೆ ಕೇಳಿದ. ಅವಳು ತಂದುಕೊಟ್ಟ ಮೊಳೆಯ ತುದಿಯನ್ನು ಆ ಹನಿಯಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದ. ಮೊಳೆಯನ್ನು ಅವಳ ಕಡೆ ಚಾಚಿದ.

"ಏನ್ ಬಣ್ಣ ಆಗೈತೆ ನೋಡಿ ಹೇಳು."

ಅವಳು ಮೊಳೆ ನೋಡಲಿಲ್ಲ. ಅವನ ಮುಖ ನೋಡಿದಳು. ಮೊಳೆ ಅವನ ಕಣ್ಣೆದುರಿಗೇ ಇತ್ತು, ನಡುಮಧ್ಯಾಹ್ನದ ಬೆಳಕಿನಲ್ಲಿ.

"ಕೆಂಪು" ಎಂದಳು. ಸ್ವಲ್ಪ ತಡೆದು, "ತಾಮ್ರದ ಚೊಂಬಿನ ಥರ."

"ಅದು ಪಾಚಿಯಲ್ಲ ತಾಯಿ, ಕಿಲುಬು. ಕಲ್ಲೊಳಗೆ ತಾಮ್ರ ಐತೆ. ಕಲಾಯಿ ಹೋದ ಪಾತ್ರೇಲಿ ಹುಳಿ ಬಿಟ್ರೆ ವಿಷ ಆಗಲ್ವಾ, ಹಂಗೆ. ನಾನು ಕಣ್ಣಿದ್ದಾಗ ಮಾರು ದೂರದಿಂದ ಹೇಳ್ತಿದ್ದೆ."

"ಯಾವಾಗಿಂದ ಕಾಣ್ಸಲ್ಲ?"

"ಪೂರಾ ಹೋಗಿ ಎರಡು ವರ್ಸ ಆಯ್ತು."

ನಸೀಮಾ ಬೈಯಲಿಲ್ಲ, ಅಳಲಿಲ್ಲ. ಕೆಳಗಿನಿಂದ ಯಾರೋ ಖಾದರನನ್ನು ಕೂಗಿದರು. ಕೊನೆಗೆ ಅವಳು ತನಗೇ ಹೇಳಿಕೊಂಡಂತೆ ಅಂದಳು, "ನಾ ಹೇಳಿದ್ನಲ್ಲ ಅಜ್ಜ. ಹಸ್ರುಗೈತೆ ಅಂತ ನಾ ಹೇಳಿದ್ನಲ್ಲ."

ಪಾಲಯ್ಯ ಏಳಲು ಹೋದ. ತಾರಸಿ ಅವನ ಕಾಲಿಗೆ ಬಾಯಿಪಾಠವಿರಲಿಲ್ಲ. ಬಕೆಟ್ಟಿಗೆ ತಾಗಿ ಮುಗ್ಗರಿಸಿದ. ನಸೀಮಾ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಅವನ ಮನೆಯ ಹೊಸಿಲವರೆಗೂ ಕರೆದುಕೊಂಡು ಬಂದು ಬಿಟ್ಟಳು. ಬಾಗಿಲಲ್ಲಿ ಅವನು ಏನೋ ಹೇಳಬೇಕೆಂದು ತಿರುಗಿದಾಗ ಅವಳು ಆಗಲೇ ಹೋಗಿದ್ದಳು. ಅದು ತಿಳಿಯದೆ ಅವನು ಖಾಲಿ ಬೀದಿಗೆ, "ತಪ್ಪಾಯ್ತು ತಾಯಿ" ಎಂದ.

ಆಮೇಲೆ ನಾಲ್ಕು ತಿಂಗಳು ಅವಳು ಬರಲಿಲ್ಲ. ಬೇರೆಯವರೂ ಬರಲಿಲ್ಲ. ಬಂದರೂ ಅವನೇ, ನನಗೆ ಕಣ್ಣಿಲ್ಲ ಹೋಗಿ ಎಂದು ಕಳಿಸುತ್ತಿದ್ದ. ಕಣ್ಣಿಗೆ ಬಿಡುವ ಹನಿ ಬಿಡುವುದನ್ನೂ ನಿಲ್ಲಿಸಿದ. ಮಧ್ಯಾಹ್ನಗಳಲ್ಲಿ ಗೂಡಿನಿಂದ ನನ್ನನ್ನು ತೆಗೆದು, ದುರುಗಮ್ಮ ಹಾಕಿದ್ದ ಗಂಟನ್ನು ಸವರುತ್ತಾ ಕೂರುತ್ತಿದ್ದ. ಅವಳಿದ್ದರೆ ಕೆಮ್ಮುತ್ತಿದ್ದಳು ಎಂದು ಒಂದು ಸಲ ಗಟ್ಟಿಯಾಗಿಯೇ ಹೇಳಿಕೊಂಡ.

ಯುಗಾದಿ ಕಳೆದ ಮೇಲೆ ಒಂದು ದಿನ ನನ್ನನ್ನು ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು ಹಿಂದಿನ ಬೀದಿಗೆ ಹೊರಟ. ದಾರಿ ಕೇಳಿದ ಕಡೆಯಲ್ಲೆಲ್ಲ, ಕಣ್ಣು ಕಾಣಲ್ಲ ಕಣಪ್ಪ ಎಂದು ತಾನಾಗಿಯೇ ಹೇಳುತ್ತಿದ್ದ. ನಸೀಮಾ ತಾರಸಿಯಲ್ಲಿದ್ದಳು. ತೊಟ್ಟಿಗಳನ್ನು ಬೋರಲು ಹಾಕಿದ್ದಳು. ಅವನನ್ನು ನೋಡಿ ಕೂರಲು ಚಾಪೆ ಹಾಸಿದಳು. ಅವನು ನನ್ನನ್ನು ತೆಗೆದು ಅವಳ ಕಡೆ ಚಾಚಿದ.

"ಇದನ್ನ ನೀನು ಇಟ್ಕೋ."

"ನಂಗ್ಯಾಕಜ್ಜ. ಮೀನೇ ಇಲ್ಲ."

"ಮೀನು ಸಾಕ್ಲಿ ಅಂತಲ್ಲ. ನನ್ನ ಹತ್ರ ಇದ್ರೆ ನಾನು ಮತ್ತೆ ಯಾರಿಗಾದ್ರೂ ಹೂಂ ಅಂದುಬಿಡ್ತೀನಿ."

ಅವಳು ತೆಗೆದುಕೊಂಡಳು. ಅವಳ ಕೈ ಅವನಷ್ಟು ದಪ್ಪವಲ್ಲ, ಆದರೆ ಅಷ್ಟೇ ಒರಟು. ಅವನು ಏಳಲು ಹೋದಾಗ, ಚಹಾ ಕುಡಿದು ಹೋಗಿ ಎಂದಳು. ಆ ಬೇಸಿಗೆ ಅವನು ಏಳೆಂಟು ಸಲ ಬಂದ. ಖಾದರ್ ಎಲ್ಲೆಲ್ಲಿಂದಲೋ ಕಲ್ಲು ತಂದು ಹಾಕುತ್ತಿದ್ದ. ಅವಳು ಬಣ್ಣ ಹೇಳುವಳು, ಅವನು ಹೆಸರು ಹೇಳುವನು. ಹಿತ್ತಾಳೆಯ ಹೊಳಪು ಯಾವುದು, ತುಕ್ಕು ಯಾವುದು, ಒಳಗೆ ಸುಣ್ಣದ ಎಳೆ ಎಲ್ಲಿ ಅಡಗಿರುತ್ತದೆ, ಎಲ್ಲವನ್ನೂ ಹೇಳಿದ. ಹಳೆಯ ಸಲಿಗೆ ಇಬ್ಬರ ನಡುವೆ ಮರಳಲಿಲ್ಲ. ಅವಳು ಅಜ್ಜ ಎನ್ನುತ್ತಿದ್ದಳು, ಚಹಾ ಕೊಡುತ್ತಿದ್ದಳು. ಆದರೆ ಅವನು ಹೇಳಿದ ಪ್ರತಿ ಮಾತನ್ನೂ ಕಲ್ಲು ತಿರುಗಿಸಿ ತಾನೇ ನೋಡಿಕೊಳ್ಳುತ್ತಿದ್ದಳು. ಅವಳು ಕಲ್ಲು ತಿರುಗಿಸುವ ಸದ್ದು ಅವನಿಗೆ ಕೇಳಿಸುತ್ತಿತ್ತು. ಹಾಗೆಯೇ ನೋಡಬೇಕು ಎನ್ನುತ್ತಿದ್ದ. ಎಂದ ಮೇಲೆ ಮುಂದಿನ ಕಲ್ಲಿಗೆ ಕೈ ಚಾಚುತ್ತಿದ್ದ.

ಆಷಾಢದಲ್ಲಿ ಪಾಲಯ್ಯ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದ ಖಾದರ್, ಕಲ್ಲುಗಳ ಕಾಟಕ್ಕೆ ಗುಂಡಿ ಆಳಕ್ಕೆ ಇಳಿಯಲೇ ಇಲ್ಲ ಎಂದು ಹೇಳಿದ. ನಸೀಮಾ ಕೆಳಗಿಳಿದು ಹೋದಳು.

ಈಗ ನಾನು ತಾರಸಿಯ ಮೋಟುಗೋಡೆಯ ಮೇಲಿದ್ದೇನೆ. ನನ್ನ ರಬ್ಬರ್ ಟೊಪ್ಪಿ ಬಿರುಕು ಬಿಟ್ಟಿದೆ, ಚೀಟಿ ಉದುರಿದೆ. ಮತ್ತೆ ಬರೆದು ಅಂಟಿಸುವವರು ಇಲ್ಲ. ನಸೀಮಾ ಒಂದು ತೊಟ್ಟಿಯನ್ನು ಮತ್ತೆ ನಿಲ್ಲಿಸಿದ್ದಾಳೆ. ಅದರಲ್ಲಿ ಸಾಧಾರಣ ಬಿಳಿ ಏಂಜೆಲ್‌ಗಳಿವೆ. ಕಪ್ಪು ತಳಿ ಮತ್ತೆ ಬರಲಿಲ್ಲ. ಮೊಟ್ಟೆಯಿಡಲು ಒಂದು ತುಂಡು ಪ್ಲಾಸ್ಟಿಕ್ ಪೈಪು ನಿಲ್ಲಿಸಿದ್ದಾಳೆ. ಆ ತೊಟ್ಟಿಯಲ್ಲಿ ಹೆಸರಿಗೂ ಒಂದು ಕಲ್ಲಿಲ್ಲ.

ಹೋದ ವಾರ ಒಬ್ಬ ಮೇಡಂ ಬಂದಿದ್ದರು. ಶಾಲೆಗೆ ಅಕ್ವೇರಿಯಂ ತಂದಿದ್ದಾರಂತೆ. ಹೊಳೆಯ ದಂಡೆಯಿಂದ ಆರಿಸಿದ ಮೂರು ಕಲ್ಲು ತಂದಿದ್ದರು. ಇಲ್ಲಿ ಕಲ್ಲು ನೋಡಿ ಹೇಳುತ್ತಿದ್ದ ಅಜ್ಜ ಒಬ್ಬರಿದ್ದರಂತಲ್ಲ ಎಂದರು. ಇದ್ದರು, ಈಗಿಲ್ಲ ಎಂದಳು ನಸೀಮಾ. ಬರಿಗೈಯಲ್ಲಿ ಕಳಿಸಲಾರದೆ ನನ್ನನ್ನು ಎತ್ತಿಕೊಂಡಳು. ಎರಡು ಕಲ್ಲು ಉಕ್ಕಿದವು. ಮೂರನೆಯದರ ಎರಡೂ ಮಗ್ಗುಲಿಗೆ ನನ್ನಲ್ಲಿ ಉಳಿದಿದ್ದ ಕೊನೆಯ ಹನಿಗಳನ್ನು ಬಿಟ್ಟಳು. ನಾನು ಸುಮ್ಮನೆ ಹರಿದೆ. ಮೇಡಂ ಕೈ ಚಾಚಿದರು. ನಸೀಮಾ ಕಲ್ಲು ಕೊಡದೆ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಯಿತ್ತು.

"ಇದೇನು ಅಂತ ನಂಗೆ ಗೊತ್ತಿಲ್ಲ ಮೇಡಂ. ಹಾಕ್ಬೇಡಿ."

ನೊರೆ ಬರಲಿಲ್ಲವಲ್ಲ, ಅಂದರೆ ಒಳ್ಳೆಯದೇ ಅಲ್ಲವೇ ಎಂದರು ಮೇಡಂ. ನಿಮಗೇ ಗೊತ್ತಿಲ್ಲವೆಂದರೆ ಇನ್ನಾರಿಗೆ ಗೊತ್ತು ಎಂದೂ ಅಂದರು. ಅವರ ದನಿಯಲ್ಲಿ ಸ್ವಲ್ಪ ತಾತ್ಸಾರವಿತ್ತು.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ" ಎಂದಳು ನಸೀಮಾ.

ಮೇಡಂ ಕಲ್ಲನ್ನು ಅಲ್ಲೇ ಬಿಟ್ಟು ಹೋದರು. ಅದು ನನ್ನ ಪಕ್ಕದಲ್ಲಿದೆ. ಮಳೆ ಬಂದಾಗ ಇಬ್ಬರೂ ನೆನೆಯುತ್ತೇವೆ. ನನ್ನ ಹೊಟ್ಟೆ ಬರಿದಾಗಿದೆ, ಇನ್ನು ಯಾರ ಗುಟ್ಟನ್ನೂ ಕೇಳಲಾರೆ. ನಲವತ್ತು ವರ್ಷ ನಾನು ಆ ಮನುಷ್ಯನ ಎದೆಗೆ ಅಂಟಿಕೊಂಡಿದ್ದೆ. ಸಾವಿರಾರು ಕಲ್ಲುಗಳ ಹೆಸರು ಅವನ ಬಾಯಲ್ಲಿತ್ತು. ನಸೀಮಾ ಅಷ್ಟು ಸಲೀಸಾಗಿ ಆಡಿದ ಆ ಒಂದು ಮಾತು ಅವನಿಗೆ ಯಾಕೆ ಅಷ್ಟು ಭಾರವಾಯಿತೋ, ಮೋಟುಗೋಡೆಯ ಮೇಲೆ ಕೂತು ಯೋಚಿಸುತ್ತೇನೆ.